ಸಾವಿರ ಸಲ ಒತ್ತಿದ್ಯಾ?

ನಮ್ಮ ಮೇಡಂ ಕಂಪ್ಯೂಟರ್ ಸೆಂಟರ್‌ಗೆ ಬರುವುದನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ ನಾನು ನಂಬಲಿಲ್ಲ. ಫೋನ್ ಮಾಡಿ ಕೇಳಿದೆ. "ಹೌದು ಮಾರಾಯ್ತಿ, ಮಂಡಿ ಮಾತು ಕೇಳ್ತಾ ಇಲ್ಲ. ಈಗ ಅದು ಬರೀ ಫ್ಲೋರ್ ಮಾಡುತ್ತೆ, ಸೀಲ್ ಮಾಡಲ್ಲ" ಅಂದರು. ಹೇಳಿ ತಾವೇ ನಕ್ಕರು. ನನಗೆ ಅಳು ಬಂದಿತ್ತು, ಆದರೂ ನಕ್ಕೆ. ಈ ಮಾತಿಗೆ ಯಾಕೆ ನಗಬೇಕು ಎಂದು ತಿಳಿಯಬೇಕಾದರೆ ಮೊದಲು ಆ ಸೆಂಟರಿನ ಮೆಟ್ಟಿಲಿನ ವಿಷಯ ಹೇಳಬೇಕು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಸಗಟು ಬಟ್ಟೆ ಅಂಗಡಿ. ಅದರ ಮೇಲಿನ ಮಹಡಿಯಲ್ಲಿ ನಮ್ಮ ಸೆಂಟರ್, ನೆಲದ ಕೆಳಗೆ ಅಂಗಡಿಯವರ ಗೋಡೌನ್. ಮೇಲಕ್ಕೂ ಕೆಳಕ್ಕೂ ಹೋಗುವ ಮೆಟ್ಟಿಲು ಒಂದೇ ಸಾಲಿನಲ್ಲಿ, ಎರಡು ಪಕ್ಕಕ್ಕೂ ಬಟ್ಟೆಯ ಗಂಟುಗಳು. ಬಿ.ಕಾಂ. ಮುಗಿಸಿ, ತಲೆಯ ಮೇಲೆ ಕೊಂಬು ಇಟ್ಟುಕೊಂಡು, ವೆಬ್‌ಸೈಟ್ ಮಾಡುವುದನ್ನು ಕಲಿಯಲು ನಾನು ಅಲ್ಲಿಗೆ ಸೇರಿದ ಮೊದಲ ವಾರ. ಆ ದಿನದ ಪಾಠ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಸಿದ್ಧವಾಗಿ ಬರುವ ಗಣಿತದ ಫಂಕ್ಷನ್‌ಗಳು. ಮೇಡಂ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಇಡೀ ಬ್ಯಾಚನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದರು. ನನ್ನನ್ನು ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಿ, "ಒಂದು ಕಾಲು ಎತ್ತು. ಈಗ ನೀನು ಮೂರು ಚಿಲ್ಲರೆ. ಫ್ಲೋರ್ ಮಾಡು" ಅಂದರು.

ನಾನು ಕಾಲು ಕೆಳಗಿಟ್ಟೆ. ಮೂರು.

"ಈಗ ಸೀಲ್. ಸೀಲಿಂಗ್ ಕಡೆಗೆ, ಮೇಲಕ್ಕೆ."

ಒಂದು ಮೆಟ್ಟಿಲು ಹತ್ತಿದೆ. ನಾಲ್ಕು.

"ರೌಂಡ್ ಅಂದ್ರೆ ಯಾವ ಮೆಟ್ಟಿಲು ಹತ್ತಿರವೋ ಅದಕ್ಕೆ ಹೋಗೋದು. ಸರಿ ಮಧ್ಯದಲ್ಲಿ ಇದ್ರೆ ಮೇಲಕ್ಕೆ. ಆಯ್ತಾ? ಈಗ ಗೋಡೌನಿಗೆ ಇಳಿ. ರಸ್ತೆಯ ಮಟ್ಟ ಸೊನ್ನೆ, ಕೆಳಗಿನವೆಲ್ಲ ಮೈನಸ್. ಮೈನಸ್ ಎರಡು, ಮೈನಸ್ ಮೂರು, ಇವೆರಡರ ನಡುವೆ ನಿಂತ್ಕೋ. ಫ್ಲೋರ್ ಮಾಡು."

ನಾನು ಜಂಬದಿಂದ ಮೇಲಿನ ಮೆಟ್ಟಿಲು ಹತ್ತಿ ಮೈನಸ್ ಎರಡರಲ್ಲಿ ನಿಂತೆ. ಚಿಲ್ಲರೆಯನ್ನು ಬಿಟ್ಟುಬಿಟ್ಟರೆ ಉಳಿಯುವುದು ಎರಡು ತಾನೇ?

"ಫ್ಲೋರ್ ಅಂದ್ರೆ ಯಾವಾಗ್ಲೂ ಕೆಳಗೆ ಕಣೇ. ನೀನು ಮಹಡೀಲಿದ್ರೂ ಕೆಳಗೆ, ಗೋಡೌನಲ್ಲಿದ್ರೂ ಕೆಳಗೆ. ಇಳಿ." ಇಳಿದೆ. ಕತ್ತಲೆ, ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ. ಅಷ್ಟರಲ್ಲಿ ಅಂಗಡಿಯ ಸಾಹೇಬರು ಕತ್ತು ಚಾಚಿ, "ಕ್ಯಾ ಮೇಡಂ, ಇವತ್ತು ಯಾರನ್ನ ಇಳಿಸಿದ್ದೀರಿ?" ಎಂದು ಕೇಳಿದರು. ಪ್ರತಿ ಬ್ಯಾಚಿನಲ್ಲೂ ಒಬ್ಬರನ್ನು ಇಳಿಸುತ್ತಿದ್ದರೆಂದು ಆಗ ಗೊತ್ತಾಯಿತು. ಹೆಚ್ಚು ಜಂಬ ಇದ್ದವರನ್ನು ಆರಿಸುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಅವರು ಭದ್ರಾವತಿಯವರು. ಕಾರ್ಖಾನೆಯ ಕ್ವಾರ್ಟರ್ಸ್ ಪಕ್ಕದ ಒಂದು ಶಾಲೆಯಲ್ಲಿ ಬಹಳ ವರ್ಷ ಗಣಿತ ಹೇಳಿಕೊಟ್ಟವರು. ಕ್ವಾರ್ಟರ್ಸ್ ಖಾಲಿಯಾಗುತ್ತ ಬಂದ ಹಾಗೆ ಶಾಲೆಯಲ್ಲಿ ಮಕ್ಕಳೂ ಇಲ್ಲವಾದರು, ಶಾಲೆ ಮುಚ್ಚಿತು. ಆಗ ಮೇಡಂಗೆ ಐವತ್ತಕ್ಕೆ ಎರಡು ಕಮ್ಮಿ. ಮಾರನೆಯ ವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದು ಇದೇ ಸೆಂಟರಿನಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ಇಪ್ಪತ್ತರ ಹುಡುಗರ ನಡುವೆ ಮೊದಲ ಬೆಂಚಿನಲ್ಲಿ ಕೂತರು. ವರ್ಷ ಕಳೆಯುವುದರೊಳಗೆ ಕಲಿಸುವವರು ಕೆಲಸ ಬಿಟ್ಟು ಹೋದಾಗ, ಆ ಹುಡುಗರೇ ಇವರನ್ನು ಬೋರ್ಡಿನ ಮುಂದೆ ನಿಲ್ಲಿಸಿದರಂತೆ. ಮನೆಮಾತು ತಮಿಳು. ಆದರೆ ಬೈಯುವುದು, ನಗುವುದು, ಪಾಠ ಹೇಳುವುದು ಎಲ್ಲ ಕನ್ನಡದಲ್ಲಿ. ಎಣಿಸುವಾಗ ಮಾತ್ರ ತುಟಿಯಲ್ಲಿ ತಮಿಳು ಬರುತ್ತಿತ್ತು: ಒಣ್ಣು, ರೆಂಡು, ಮೂಣು.

ಶಾಲೆ ಮುಚ್ಚಿದ್ದಕ್ಕೆ ಬೇಸರ ಆಗಲಿಲ್ಲವಾ ಎಂದು ಒಮ್ಮೆ ಕೇಳಿದ್ದೆ. ಆವತ್ತು ಆಬ್ಸ್ ಎಂಬ ಫಂಕ್ಷನ್ ಪಾಠ ಆಗಿತ್ತು. ಮೈನಸ್ ಚಿಹ್ನೆ ತೆಗೆದು ಬರೀ ಅಂಕಿಯನ್ನು ಉಳಿಸಿಕೊಡುವ ಫಂಕ್ಷನ್ ಅದು. "ಭದ್ರಾವತಿಯಿಂದ ಶಿವಮೊಗ್ಗ ಎಷ್ಟು ದೂರವೋ ಶಿವಮೊಗ್ಗದಿಂದ ಭದ್ರಾವತೀನೂ ಅಷ್ಟೇ ದೂರ. ಆಬ್ಸ್ ಅಷ್ಟೇ ಹೇಳುತ್ತೆ. ಹೋಗ್ತಿದ್ದೀಯೋ ಬರ್ತಿದ್ದೀಯೋ ಅದಕ್ಕೆ ಬೇಕಾಗಿಲ್ಲ. ಆದ್ರೆ ನಂಗೆ ಬೇಕು. ನಾನು ಹೋಗ್ತಾ ಇದ್ದೆ ಅಷ್ಟೇ" ಅಂದರು. ಆಮೇಲೆ ಬ್ಯಾಗಿನಿಂದ ಊಟದ ಡಬ್ಬಿ ತೆಗೆದು, ಪುಳಿಯೋಗರೆ ಅರ್ಧ ನನಗೆ ಹಾಕಿದರು.

ತ್ಯಾವರೆಕೊಪ್ಪದ ಸಫಾರಿಗೆ ನಮ್ಮ ಬ್ಯಾಚ್ ಹೊರಟಾಗ ನಾವು ಮೂವತ್ತಮೂರು ಜನ, ಒಂದು ವ್ಯಾನಿಗೆ ಎಂಟು ಜನ. ಎಷ್ಟು ವ್ಯಾನ್ ಬೇಕೆಂದು ಲೆಕ್ಕ ಹಾಕಲು ಹೇಳಿದರು. ಭಾಗಿಸಿದರೆ ನಾಲ್ಕು ಚಿಲ್ಲರೆ ಬಂತು. ರೌಂಡ್ ಮಾಡಿ ನಾಲ್ಕು ಎಂದು ನಾನೇ ಎಲ್ಲರಿಗಿಂತ ಮೊದಲು ಕೂಗಿದೆ. "ಸರಿ, ನಾಲ್ಕೇ ತರಿಸೋಣ. ಉಳಿದ ಒಬ್ಬಳನ್ನ ಹುಲಿ ಹತ್ರ ಬಿಟ್ಟು ಬರೋಣ. ನೀನೇ ಆಗ್ಬಹುದಾ?" ಅಂದರು. ಸೀಲ್ ಯಾವಾಗ ಬೇಕು ಎಂಬುದನ್ನು ಆಮೇಲೆ ನಾನು ಮರೆಯಲಿಲ್ಲ.

ಸೀಲ್‌ಗೆ ಅವರು ಇನ್ನೊಂದು ಹೆಸರು ಇಟ್ಟಿದ್ದರು: ಗಂಗಮ್ಮನ ಮೊಳ. ಬಟ್ಟೆ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ, ನಮ್ಮ ಮೆಟ್ಟಿಲಿನ ಬುಡದಲ್ಲೇ, ಗಂಗಮ್ಮ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಮೇಡಂ ದಿನವೂ ಸಂಜೆ ಬಸ್ಸಿಗೆ ಹೋಗುವ ಮುಂಚೆ ಒಂದು ಮೊಳ ಸೇವಂತಿಗೆ ಕೊಳ್ಳುತ್ತಿದ್ದರು. ಗಂಗಮ್ಮ ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, ಅಲ್ಲಿಗೆ ಕತ್ತರಿಸದೆ ಇನ್ನೊಂದು ನಾಲ್ಕು ಹೂ ಮುಂದೆ ಹೋಗಿ ದಾರ ಕಡಿಯುವಳು. "ಒಂದು ಮೊಳ ಅಂದ್ರೆ ಒಂದು ಮೊಳ ಕೊಡ್ರೀ ಗಂಗಮ್ಮ" ಎಂದು ಮೇಡಂ ಗದರಿದರೆ, "ಕೊಸರು ಇಲ್ದೆ ಹೂ ಕೊಟ್ರೆ ಕೈಗೆ ಏಳ್ಗೆ ಇರಲ್ಲ ಮೇಡಮ್ಮೋರೇ" ಅನ್ನುವಳು. ದಿನವೂ ಇದೇ ಜಗಳ, ಇಬ್ಬರಿಗೂ ಅದಿಲ್ಲದೆ ಸಂಜೆ ಆಗುತ್ತಿರಲಿಲ್ಲ.

ಇರುವುದನ್ನು ಮತ್ತೆ ಬರೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹತ್ತು ಅಂಕಿಯಲ್ಲಿ ದೊಡ್ಡದು ಯಾವುದೆಂದು ಹುಡುಕಲು ಒಬ್ಬ ನಲವತ್ತು ಸಾಲು ಬರೆದು ತಂದಿದ್ದ. ಮೇಡಂ ಅಷ್ಟನ್ನೂ ಅಳಿಸಿ, ಮ್ಯಾಕ್ಸ್ ಎಂದು ಒಂದು ಸಾಲು ಬರೆದರು. "ಅಡುಗೆಮನೇಲಿ ಒರಳು ಇದೆ, ನೀನು ಕಲ್ಲು ಕಡೀತಾ ಕೂತಿದ್ದೀಯ" ಅಂದರು. ಹಾಗೆಂದು ಸಿದ್ಧ ಫಂಕ್ಷನ್ನನ್ನು ಕಣ್ಣು ಮುಚ್ಚಿ ನಂಬಿದರೂ ಬೈಗುಳವೇ. ಅದೇ ಮ್ಯಾಕ್ಸ್‌ಗೆ ಒಂದು ಅಂಕಿಯನ್ನೂ ಕೊಡದೆ ದೊಡ್ಡದು ಯಾವುದೆಂದು ಕೇಳಿ, ಉತ್ತರ ನೋಡಲು ಹೇಳಿದರು. ಮೈನಸ್ ಅನಂತ ಎಂದು ಬಂತು. ಇಡೀ ಕ್ಲಾಸು ಬಾಯಿ ಬಿಟ್ಟಿತು. "ಯಾರೂ ಬರೆಯದ ಪರೀಕ್ಷೇಲಿ ಫಸ್ಟ್ ಬಂದೋರು ಯಾರು ಅಂತ ಕೇಳಿದ್ರೆ ಅದು ಇನ್ನೇನು ಹೇಳಬೇಕು?" ಅಂದರು.

ಅದಕ್ಕೇ ಅವರ ಕಡ್ಡಾಯ ನಿಯಮ ಒಂದಿತ್ತು. ಏನೇ ಮಾಡಿ ತೋರಿಸಿದರೂ ಹೊಗಳುವ ಮುಂಚೆ ಒಂದೇ ಪ್ರಶ್ನೆ. "ಸಾವಿರ ಸಲ ಒತ್ತಿದ್ಯಾ?" ಮುಖ್ಯವಾಗಿ ರ‍್ಯಾಂಡಮ್ ಬಂದಾಗ. ರ‍್ಯಾಂಡಮ್ ಅಂದರೆ ಸೊನ್ನೆಯಿಂದ ಒಂದರೊಳಗಿನ ಯಾವುದೋ ಒಂದು ಅಂಕಿಯನ್ನು, ಯಾವುದೆಂದು ಮೊದಲೇ ಹೇಳಲಾಗದಂತೆ, ಎತ್ತಿಕೊಡುವ ಫಂಕ್ಷನ್. ಅದರ ಪಾಠಕ್ಕೆ ಮೇಡಂ ಒಂದು ಕುಂಕುಮದ ಡಬ್ಬಿಯಲ್ಲಿ ನಾಲ್ಕು ಕವಡೆ ತರುತ್ತಿದ್ದರು. ಚೌಕಾಬಾರ ಆಡಿಸುತ್ತಿದ್ದರು. ಪ್ರತಿ ಎಸೆತಕ್ಕೂ ಬೋರ್ಡಿನ ಮೇಲೆ ಗೀಟು. ಇನ್ನೂರು ಎಸೆತ ಆಗುವ ಹೊತ್ತಿಗೆ ಎರಡರ ಮುಂದೆ ಗೀಟುಗಳ ಕಾಡು, ನಾಲ್ಕರ ಮುಂದೆ ಬೆರಳೆಣಿಕೆ. "ಕವಡೆ ಯಾರಿಗೂ ಮೋಸ ಮಾಡಲ್ಲ. ಆದ್ರೂ ಎಲ್ಲಾ ಅಂಕಿಗೂ ಸಮ ಬೀಳಲ್ಲ. ಒಂದು ಸಲ ಎಸೆದ್ರೆ ನಿಂಗೆ ಇದು ಗೊತ್ತಾಗ್ತಿತ್ತಾ? ಅದಕ್ಕೇ ಎಣಿಸಬೇಕು" ಅನ್ನುತ್ತಿದ್ದರು.

ನಾನು ಕೋರ್ಸ್ ಮುಗಿಸಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ಅಂಗಡಿ ಹಾಕಿ, ಆನ್‌ಲೈನ್ ಅರ್ಜಿ ತುಂಬುವುದು, ವೆಬ್‌ಸೈಟ್ ಮಾಡಿಕೊಡುವುದು, ಇದನ್ನೇ ಜೀವನ ಮಾಡಿಕೊಂಡೆ. ಕೆಲಸ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಜಂಬ ಗೋಡೌನಿನಿಂದ ಮತ್ತೆ ಮಹಡಿಗೆ ಹತ್ತಿತ್ತು.

ಆಗ ಫುಟ್‌ಪಾತಿನ ಹೂವಿನವರೆಲ್ಲ ಏಳಬೇಕಾಗಿ ಬಂತು. ರಸ್ತೆಯ ಕೆಲಸ. ಬದಲಿಗೆ ಹತ್ತಿರದಲ್ಲೇ ಒಂದು ಶೆಡ್ಡು, ಅದರಲ್ಲಿ ಹದಿನಾರು ಕಟ್ಟೆ. ಅರ್ಜಿ ಹಾಕಿದವರು ಇಪ್ಪತ್ತನಾಲ್ಕು ಹೆಂಗಸರು. ಉಳಿದ ಎಂಟು ಜನ ಮುಂದಿನ ಶೆಡ್ಡು ಆಗುವವರೆಗೆ ಎಲ್ಲಿಗೆ ಹೋಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಚೀಟಿ ಎತ್ತಿದರೆ ಚೀಟಿ ಮಡಿಸಿದವರ ಮೇಲೆ ಅನುಮಾನ. ಆದ್ದರಿಂದ ಕಂಪ್ಯೂಟರ್ ಎತ್ತಲಿ ಎಂದು ಹೂವಿನವರ ಸಂಘ ತೀರ್ಮಾನಿಸಿತು. ಅದನ್ನು ಮಾಡಿಕೊಡುವ ಕೆಲಸ ನನಗೆ ಬಂತು. ಗಂಗಮ್ಮ ಅರ್ಜಿಯ ದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕಚೇರಿಯ ಬಾಗಿಲು ತೆರೆಯುವ ಮೊದಲೇ ನಿಂತು ಹೆಸರು ಬರೆಸಿದ್ದಳು. ಪಟ್ಟಿಯಲ್ಲಿ ಮೊದಲನೆಯವಳು. "ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿದೀನಿ ಕಣವ್ವ. ಕಟ್ಟೆ ಸಿಗ್ಲಿಲ್ಲ ಅಂದ್ರೆ ಈ ವಯಸ್ಸಲ್ಲಿ ಬುಟ್ಟಿ ಹೊತ್ಕೊಂಡು ಬೀದಿ ತಿರ್ಗಾಕೆ ನಂಗೆ ಶಕ್ತಿ ಇಲ್ಲ" ಎಂದು ನನ್ನ ಕೈ ಹಿಡಿದುಕೊಂಡು ಹೇಳಿದ್ದಳು.

ನಾನು ಒಂದು ಪುಟ ಮಾಡಿದೆ. ಗುಂಡಿ ಒತ್ತಿದರೆ ಹೆಸರುಗಳು ಗಿರಗಿರನೆ ತಿರುಗಿ ಒಂದು ಹೆಸರು ನಿಲ್ಲುತ್ತದೆ, ಹೂಮಳೆ ಸುರಿಯುತ್ತದೆ. ರ‍್ಯಾಂಡಮ್ ಕೊಡುವ ಅಂಕಿಯನ್ನು ಪಟ್ಟಿಯ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಹಿಗ್ಗಿಸಿ, ಆ ಚಿಲ್ಲರೆಯನ್ನು ಪೂರ್ಣ ಅಂಕಿ ಮಾಡಲು ಒಂದು ಫಂಕ್ಷನ್ ಬೇಕಿತ್ತು. ಫ್ಲೋರ್ ಯಾವಾಗಲೂ ಕೆಳಕ್ಕೆ ಎಳೆಯುತ್ತದೆ, ಅದು ಅನ್ಯಾಯ ಅನ್ನಿಸಿತು. ಯಾರು ಹತ್ತಿರವೋ ಅವರಿಗೆ ಕೊಡುವ ರೌಂಡೇ ಧರ್ಮ ಎಂದುಕೊಂಡು ರೌಂಡ್ ಹಾಕಿದೆ. ನ್ಯಾಯವಾಗಿರಲಿ ಎಂದೇ ಹಾಕಿದೆ, ದೇವರಾಣೆ. ಗುಂಡಿ ಐದಾರು ಸಲ ಒತ್ತಿ ನೋಡಿದೆ. ಬೇರೆ ಬೇರೆ ಹೆಸರು ಬಂತು. ಹೂಮಳೆಯೂ ಚೆನ್ನಾಗಿ ಸುರಿಯಿತು.

ನೋಡಲು ಬನ್ನಿ ಎಂದು ಮೇಡಂಗೆ ನಾನೇ ಹೇಳಿದ್ದೆ. ಹೊಗಳಲಿ ಎಂಬ ಆಸೆ. ಹೆಸರು ಎತ್ತುವುದು ಹತ್ತಿರದ ಒಂದು ಸಭಾಂಗಣದಲ್ಲಿ, ಹನ್ನೊಂದು ಗಂಟೆಗೆ. ಭದ್ರಾವತಿಯ ಬಸ್ಸಿಳಿದು ಮೇಡಂ ಹತ್ತಕ್ಕೆಲ್ಲ ಸಭಾಂಗಣಕ್ಕೆ ಬಂದರು. ಹೂವಿನ ಹೆಂಗಸರು ಆಗಲೇ ಉದ್ದ ಬೆಂಚುಗಳ ಮೇಲೆ ಕೂತಿದ್ದರು. ನಾನು ಲ್ಯಾಪ್‌ಟಾಪ್ ತೋರಿಸಿದೆ. ಮೇಡಂ ಹೂಮಳೆ ನೋಡಿದರು, ಕನ್ನಡಕ ಏರಿಸಿದರು.

"ಸಾವಿರ ಸಲ ಒತ್ತಿದ್ಯಾ?"

ನನಗೆ ರೇಗಿತು. "ಮೇಡಂ, ನಾನು ಈಗ ನಿಮ್ಮ ಸ್ಟೂಡೆಂಟ್ ಅಲ್ಲ. ಇದು ಭಾಷೆಯೊಳಗೇ ಇರೋ ಫಂಕ್ಷನ್. ಅದನ್ನ ನಾನೇನು ಪರೀಕ್ಷೆ ಮಾಡೋದು?"

"ಫಂಕ್ಷನ್ನನ್ನಲ್ಲ ಮಾರಾಯ್ತಿ, ನಿನ್ನನ್ನ" ಅಂದರು. ದನಿ ಏರಿಸಲಿಲ್ಲ. ನನ್ನ ಕುರ್ಚಿಯಲ್ಲಿ ತಾವು ಕೂತು, ಗುಂಡಿಯನ್ನು ತಾನಾಗಿಯೇ ಸಾವಿರ ಸಲ ಒತ್ತಿ, ಮೊದಲು ಬಂದ ಹೆಸರು ಯಾರದೆಂದು ಎಣಿಸುವ ನಾಲ್ಕು ಸಾಲು ಬರೆದರು. ಪಟ್ಟಿ ಬಂತು. ಮೇಡಂ ಬೆರಳಿಟ್ಟು ಕೆಳಗಿಳಿಯುತ್ತ ಹೋದರು. ಹೆಚ್ಚಿನವರಿಗೆ ನಲವತ್ತರ ಆಸುಪಾಸು. ಮೊದಲನೆಯ ಗಂಗಮ್ಮನಿಗೆ ಇಪ್ಪತ್ತೊಂದು. ಕೊನೆಯ ಹೆಸರಿನ ಶಬಾನಾಗೆ ಇಪ್ಪತ್ತಮೂರು. ಆಕಸ್ಮಿಕ ಇರಬಹುದು ಎಂದೆ. ಹತ್ತು ಸಾವಿರ ಸಲ ಒತ್ತಿಸಿದರು. ನಡುವಿನವರಿಗೆಲ್ಲ ನಾನೂರರ ಮೇಲೆ. ತುದಿಯ ಇಬ್ಬರಿಗೆ ಇನ್ನೂರರ ಚಿಲ್ಲರೆ.

ಮೇಡಂ ಮುಂದಿನ ಬೆಂಚನ್ನು ತೋರಿಸಿದರು. "ಆ ಬೆಂಚಿನ ಮೇಲೆ ಒಂದೊಂದು ಅಡಿಗೆ ಒಬ್ಬರನ್ನ ಕೂರಿಸಿದ್ದೀಯ ಅನ್ಕೋ. ಕಣ್ಣು ಮುಚ್ಚಿ ಒಂದು ಹೂ ಎಸೀತೀಯ. ಯಾರಿಗೆ ಹತ್ತಿರ ಬಿತ್ತೋ ಅವರದ್ದು. ನಡುವೆ ಇರೋರಿಗೆ ಎಡಗಡೆ ಅರ್ಧ ಅಡಿ, ಬಲಗಡೆ ಅರ್ಧ ಅಡಿ. ತುದೀಲಿರೋರಿಗೆ?"

"ಒಂದೇ ಕಡೆ" ಅಂದೆ. ತುದಿಯವರ ಆಚೆ ಬೆಂಚೇ ಇರಲಿಲ್ಲ. ಗಂಗಮ್ಮನಿಗೂ ಶಬಾನಾಗೂ ನಾನು ಅರ್ಧ ಪಾಲಷ್ಟೇ ಇಟ್ಟಿದ್ದೆ, ಅದೂ ಧರ್ಮದ ಹೆಸರಿನಲ್ಲಿ. ಫ್ಲೋರ್ ಹಾಕಿ, ಬೆಂಚನ್ನು ಇನ್ನೂ ಒಂದು ಅಡಿ ಉದ್ದ ಮಾಡಿದ್ದರೆ ಎಲ್ಲರಿಗೂ ತಮ್ಮದೇ ಒಂದೊಂದು ಪೂರ್ತಿ ಅಡಿ ಸಿಗುತ್ತಿತ್ತು.

"ತಿದ್ದಿಬಿಡ್ತೀನಿ ಮೇಡಂ. ಯಾರಿಗೂ ಗೊತ್ತಾಗಲ್ಲ" ಎಂದು ಪಿಸುಗುಟ್ಟಿದೆ.

"ತಿದ್ದು. ಆಮೇಲೆ ಅವರಿಗೆ ಹೇಳು."

"ಹೇಳಿದ್ರೆ ನನ್ನ ಹೆಸರು ಹಾಳಾಗುತ್ತೆ. ಇನ್ಮುಂದೆ ಯಾರು ಕೆಲಸ ಕೊಡ್ತಾರೆ?"

"ನಿನ್ನ ಹೆಸರು ಆ ಪಟ್ಟೀಲಿಲ್ಲ. ಅವರದ್ದಿದೆ" ಅಂದರು. ಅಷ್ಟು ಹೇಳಿ ನೀರು ಕುಡಿಯಲು ಎದ್ದು ಹೋದರು. ನನ್ನ ಜೀವನದಲ್ಲಿ ಅವರ ಮೇಲೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ. ಅವರು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಒಂದು ಪದ, ಒಂದು ಅಂಕಿ ಬದಲಿಸಿದೆ. ಎದ್ದು ನಿಂತು, ಇಪ್ಪತ್ತನಾಲ್ಕು ಹೆಂಗಸರ ಮುಂದೆ, ನಾನು ತಪ್ಪು ಮಾಡಿದ್ದೆ ಎಂದು ಹೇಳಿದೆ. ಬೆಂಚಿನ ಲೆಕ್ಕವನ್ನೇ ಹೇಳಿದೆ. ಆಮೇಲೆ ಗಂಗಮ್ಮ ಎದ್ದಳು. "ಅಂದ್ರೆ ನಾನು ಬೆಳಕು ಹರಿಯೋ ಮುಂಚೆ ಬಂದು ಮೊದಲ್ನೇ ಹೆಸ್ರು ಬರ್ಸಿದ್ದಕ್ಕೆ ನಂಗೆ ಅರ್ಧ ಪಾಲಾ?" ಹಿಂದಿನಿಂದ ಇನ್ನೊಬ್ಬಳು, "ಈಗ ಸರಿ ಆಗೈತೆ ಅಂತ ಹೆಂಗೆ ನಂಬೋದು? ಚೀಟೀನೇ ಎತ್ತಿ" ಅಂದಳು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೇಡಂ ಮುಂದೆ ಬಂದರು. "ನಂಬಬೇಡಿ. ನೀವೇ ಒತ್ತಿ, ನೀವೇ ಎಣಿಸಿ" ಅಂದರು. ಲ್ಯಾಪ್‌ಟಾಪಿನ ಪರದೆಯನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಕಿಸಿದರು. ಗಂಗಮ್ಮನ ಕೈಯಿಂದಲೇ ಗುಂಡಿ ಒತ್ತಿಸಿದರು. ಹತ್ತು ಸಾವಿರ ಸಲ ಎತ್ತಿದ ಲೆಕ್ಕ ಗೋಡೆಯ ಮೇಲೆ ಮೂಡಿತು. ಓದಲು ಬರುವವರು ಬರದವರಿಗೆ ಓದಿ ಹೇಳಿದರು. ನಂಗೆ ನಾನೂರ ಹದಿನಾಲ್ಕು, ನಿಂಗೆ ನಾನೂರ ಇಪ್ಪತ್ತೆರಡು, ಶಬಾನಾಗೆ ನಾನೂರ ಒಂಬತ್ತು. ಎಲ್ಲರ ಬಾಯಲ್ಲೂ ನಾನೂರು. ಬೇಳೆ ಕೊಂಡಾಗ ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ ಇಪ್ಪತ್ತನಾಲ್ಕು ಜೊತೆ ಕಣ್ಣು ಆ ಗೋಡೆಯನ್ನು ನೋಡಿದವು. ಮತ್ತೆ ಒತ್ತಿಸಿದರು. ಇನ್ನೊಬ್ಬಳಿಂದ ಇನ್ನೊಮ್ಮೆ. "ಸಾಕು ಬಿಡ್ರೀ, ಸಮ ಐತೆ" ಎಂದು ಚೀಟಿ ಕೇಳಿದವಳೇ ಹೇಳಿದಳು.

ಹನ್ನೊಂದಕ್ಕೆ ನಿಜವಾದ ಎತ್ತುವಿಕೆ ಶುರುವಾಯಿತು. ಒಂದು, ಎರಡು, ಮೂರು ಹೆಸರು. ಗಂಗಮ್ಮನದಿಲ್ಲ. ಏಳು ಆಯಿತು, ಎಂಟು ಆಯಿತು. ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಪಕ್ಕದಲ್ಲಿ ಮೇಡಂ ತುಟಿ ಅಲುಗುತ್ತಿತ್ತು: ಒಂಬದು, ಪತ್ತು. ಹನ್ನೊಂದನೆಯ ಹೆಸರು ತಿರುಗಿ ತಿರುಗಿ ನಿಂತಿತು. ಗಂಗಮ್ಮ. ಸಭಾಂಗಣದಲ್ಲಿ ಎದ್ದ ಕೂಗಿಗೆ ಹೊರಗಿನ ಆಟೋದವರು ಒಳಗೆ ಇಣುಕಿದರು. ಹೂಮಳೆ ಗೋಡೆಯ ಮೇಲೆ ಸುರಿಯುತ್ತಿತ್ತು, ಗಂಗಮ್ಮ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ಶಬಾನಾಗೆ ಸಿಗಲಿಲ್ಲ. ಆಕೆ ಹೊರಡುವಾಗ ನಾನು ತಲೆ ತಗ್ಗಿಸಿ ನಿಂತಿದ್ದೆ. "ಪರವಾಗಿಲ್ಲ ಅಕ್ಕ. ಹೇಳಿದ್ರಲ್ಲ ನೀವು" ಅಂದಳು. ಮುಂದಿನ ವರ್ಷ ಎರಡನೇ ಶೆಡ್ಡಿನಲ್ಲಿ ಆಕೆಗೂ ಕಟ್ಟೆ ಬಂತು. ನನ್ನ ಹೆಸರೇನೂ ಹಾಳಾಗಲಿಲ್ಲ. ತಪ್ಪು ಮಾಡಿದರೆ ತಾನೇ ಹೇಳುವ ಹೆಂಗಸು ಎಂದು ಗಾಂಧಿ ಬಜಾರಿನಲ್ಲೆಲ್ಲ ಸುದ್ದಿಯಾಗಿ ಕೆಲಸ ಇನ್ನೂ ಹೆಚ್ಚಾಯಿತು. ಅದನ್ನು ಮೇಡಂಗೆ ಹೇಳಿದಾಗ, "ಆ ಹೂಮಳೆ ಚೆನ್ನಾಗಿತ್ತು ಕಣೇ" ಅಂದರು. ಆ ಪುಟದ ಬಗ್ಗೆ ಅವರ ಬಾಯಿಂದ ಬಂದ ಹೊಗಳಿಕೆ ಅದೊಂದೇ.

ಹೋದ ಭಾನುವಾರ ಅವರ ಬೀಳ್ಕೊಡುಗೆ. ಮೆಟ್ಟಿಲು ಹತ್ತಲಾಗದ ಮೇಡಂಗಾಗಿ ಬಟ್ಟೆ ಅಂಗಡಿಯ ಸಾಹೇಬರು ಗಂಟುಗಳನ್ನೆಲ್ಲ ಸರಿಸಿ, ಅಂಗಡಿಯೊಳಗೇ ಜಾಗ ಮಾಡಿಕೊಟ್ಟಿದ್ದರು. ಎಷ್ಟೋ ಬ್ಯಾಚಿನವರು ಬಂದಿದ್ದರು. ಮೊದಲ ಹಾರ ಯಾರು ಹಾಕಬೇಕೆಂದು ಬ್ಯಾಚು ಬ್ಯಾಚಿಗೆ ಜಗಳ. ಗೋಡೌನಿಗೆ ಇಳಿದ ನಮಗೆ ಮೊದಲ ಹಕ್ಕು ಎಂದು ನಾನೂ ಗಂಟಲು ಹರಿದುಕೊಂಡೆ. ಕೊನೆಗೆ ಈ ವರ್ಷದ ಹುಡುಗಿಯರು ಬಂದವರೆಲ್ಲರ ಹೆಸರು ಸೇರಿಸಿ ಕಂಪ್ಯೂಟರಿನಲ್ಲಿ ಎತ್ತುವ ಏರ್ಪಾಟು ಮಾಡಿದರು. ಗುಂಡಿ ಒತ್ತುವ ಮುಂಚೆ ಮೇಡಂ ಕುರ್ಚಿಯಿಂದಲೇ ಕೈ ಎತ್ತಿದರು.

"ಸಾವಿರ ಸಲ ಒತ್ತಿದ್ರಾ?"

"ಹತ್ತು ಸಾವಿರ ಸಲ ಒತ್ತಿದ್ದೀವಿ ಮೇಡಂ" ಎಂದು ಆ ಹುಡುಗಿಯರು ಒಟ್ಟಿಗೆ ಹೇಳಿದರು. ಇಡೀ ಅಂಗಡಿ ನಕ್ಕಿತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಯ ಮೇಲೆ ಹೆಸರುಗಳು ತಿರುಗತೊಡಗಿದವು.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಜನರನ್ನು ಸರಿಸಿಕೊಂಡು ಗಂಗಮ್ಮ ಬಂದಳು. ಕೈಯಲ್ಲಿ ಸೇವಂತಿಗೆಯ ಹಾರ, ನೆಲ ಮುಟ್ಟುವಷ್ಟು ಉದ್ದ. ಎಷ್ಟು ಮೊಳವೋ, ಎಷ್ಟು ಕೊಸರೋ. ಯಾರನ್ನೂ ಕೇಳದೆ ನೇರ ಮೇಡಂ ಮುಂದೆ ಹೋಗಿ ನಿಂತಳು.

"ಇನ್ನೂ ಹೆಸರು ಬಂದಿಲ್ಲ ಗಂಗಮ್ಮ. ಎಲ್ಲರಿಗೂ ಸಮ ಪಾಲು. ಇದು ಮೋಸ ಕಣ್ರೀ" ಅಂದರು ಮೇಡಂ.

"ಹೂಂ, ಮೋಸಾನೇ. ಬಗ್ಗಿ ಮೇಡಮ್ಮೋರೇ" ಅಂದಳು ಗಂಗಮ್ಮ.

ಮೇಡಂ ಬಗ್ಗಿದರು.